ಶಬ್ದ ಬದಲಿಸಿ ಬರೆಯುವ ಕೆಲಸಕ್ಕೆ ಒಪ್ಪಬೇಡಿ, ನನ್ನಿಂದ ಒಂದು ಹಳೇ ಫಿಲ್ಮ್ ರೀಲು ಹರಿದುಹೋಯಿತು

ಮನೆಯಲ್ಲೇ ಕೂತು ಲೇಖನ ಬರೆದು ದುಡ್ಡು ಮಾಡಿ ಅಂತ ಯಾರಾದರೂ ಮೆಸೇಜ್ ಕಳಿಸಿದ್ದರೆ, ಒಪ್ಪುವ ಮೊದಲು ಇದನ್ನು ಓದಿ.

ಕಳೆದ ಮಳೆಗಾಲದಲ್ಲಿ ನಾನು ಮಡಿಕೇರಿಯ ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದೆ. ಆಗ ಒಬ್ಬರು ಫೋನ್ ಮಾಡಿದರು. ಬೇರೆಯವರ ಲೇಖನ ಅವರು ಕಳಿಸುತ್ತಾರೆ, ನಾನು ಶಬ್ದ ಬದಲಿಸಿ ವಾಪಸ್ ಕಳಿಸಬೇಕು. "ವಿಷಯ ಅರ್ಥ ಆಗಲೇಬೇಕು ಅಂತೇನಿಲ್ಲ ಮೇಡಂ, ಒಂದು ಸಾಲೂ ಹಳೇದರ ಥರ ಇರಬಾರದು ಅಷ್ಟೇ" ಅಂದರು. ಅದು ಕಳ್ಳತನ ಅಂತ ಗೊತ್ತಿತ್ತು. ದುಡ್ಡು ಬೇಕಿತ್ತು, ಒಪ್ಪಿಕೊಂಡೆ. (ದುಡ್ಡೂ ಪೂರ್ತಿ ಬರಲಿಲ್ಲ.)

ಅದರಲ್ಲಿ ಒಂದು ಲೇಖನ ಕಡಿಮೆ ಅಗಲದ ಫಿಲ್ಮ್‌ಗಳ ಬಗ್ಗೆ. ಥಿಯೇಟರಿನ 35 ಎಂಎಂ ಅಲ್ಲ, ಮನೆಯವರು ಮದುವೆ, ಹಬ್ಬ ತೆಗೆಯುತ್ತಿದ್ದ 16, 9.5, 8 ಎಂಎಂ. ಬರೆದವರು ಒಂದೊಂದು ಮಾತನ್ನೂ ತೂಗಿ ಬರೆದಿದ್ದರು. ನಾನು ಒಂದೇ ಮಧ್ಯಾಹ್ನದಲ್ಲಿ ಕೆಡಿಸಿದೆ. ರೆಗ್ಯುಲರ್ 8 ಅನ್ನು 'ಸಾಧಾರಣ 8' ಮಾಡಿದೆ, ಸೂಪರ್ 8 ಅನ್ನು 'ಉತ್ತಮ ದರ್ಜೆಯ 8' ಮಾಡಿದೆ. "ರೆಗ್ಯುಲರ್ ಪ್ರಾಜೆಕ್ಟರಿಗೆ ಸೂಪರ್ 8 ಒಪ್ಪುವುದಿಲ್ಲ" ಅಂತ ಇದ್ದದ್ದು ನನ್ನ ಕೈಯಲ್ಲಿ "ಸಾಧಾರಣ ಪ್ರಾಜೆಕ್ಟರಿನಲ್ಲಿ ಉತ್ತಮ ದರ್ಜೆಯದ್ದು ಶೋಭಿಸುವುದಿಲ್ಲ" ಆಯಿತು.

ಇವು ದರ್ಜೆಯ ಮಾತೇ ಅಲ್ಲ, ಎರಡು ಬೇರೆ ಫಿಲ್ಮ್‌ಗಳ ಹೆಸರು. ಕೊಡಾಕ್ 1932ರಲ್ಲಿ ತಂದ ರೆಗ್ಯುಲರ್ 8 ನಿಜಕ್ಕೂ 16 ಎಂಎಂ ಅಗಲದ ಫಿಲ್ಮು, ಒಂದು ಅಂಚಿನಲ್ಲಿ ತೆಗೆದು, ರೀಲು ತಿರುಗಿಸಿ ಇನ್ನೊಂದು ಅಂಚಿನಲ್ಲಿ ತೆಗೆದು, ಆಮೇಲೆ ಲ್ಯಾಬಿನಲ್ಲಿ ಉದ್ದಕ್ಕೆ ಸೀಳುತ್ತಿದ್ದರು. 1965ರ ಸೂಪರ್ 8ರಲ್ಲಿ ಅಂಚಿನ ತೂತು ಸಣ್ಣದು ಮಾಡಿ ಚಿತ್ರಕ್ಕೆ ಜಾಸ್ತಿ ಜಾಗ ಕೊಟ್ಟರು. ಹಳೇ ಪ್ರಾಜೆಕ್ಟರಿನಲ್ಲಿ ಫಿಲ್ಮು ಎಳೆಯುವ ದಪ್ಪ ಹಲ್ಲು ಆ ಸಣ್ಣ ತೂತಿಗೆ ಹೋದರೆ ಹರಿಯದೆ ಇನ್ನೇನಾಗುತ್ತೆ?

ಪಕ್ಕದ ಮನೆಯ ಮಾವ ಅಟ್ಟದಲ್ಲಿ ಒಂದು ರೀಲು ಸಿಕ್ಕಿತು ಅಂದಾಗ ನಾನು ಕೆಡಿಸಿದ ಆ ಲೇಖನವನ್ನು ಅವರ ಫೋನಿಗೆ ಕಳಿಸಿದ್ದು ನಾನೇ. ಸುಗ್ಗಿ ಹಬ್ಬ ಪುತ್ತರಿ ಮುಗಿದ ಮೇಲೆ ಊರವರು ಸೇರುವ ಬಯಲಾದ ಮಂದ್‌ನಲ್ಲಿ ಅವರ ಅಪ್ಪ ಕೋಲಾಟ ಆಡುವುದು ಅದರಲ್ಲಿತ್ತು. ಅದು ಸೂಪರ್ 8, 50 ಅಡಿ, 3 ನಿಮಿಷ 20 ಸೆಕೆಂಡು. ಚಿತ್ರ ಸ್ವಲ್ಪ ಮಂಕಾಗಿ ಕಾಣಬಹುದು, ಪರವಾಗಿಲ್ಲ ಅಂದುಕೊಂಡು ಮಾವ ತಮ್ಮ ಹಳೇ ರೆಗ್ಯುಲರ್ 8 ಪ್ರಾಜೆಕ್ಟರಿಗೆ ಹಾಕಿದರು. ಕಟಕಟ ಸದ್ದು ಬಂದು, ಅವರು ನಿಲ್ಲಿಸುವಷ್ಟರಲ್ಲಿ ಮೊದಲ ಅರ್ಧದ ತೂತುಗಳೆಲ್ಲ ಕಿತ್ತುಹೋಗಿದ್ದವು.

"ನೆಗೆಟಿವ್ ಎಲ್ಲಾದರೂ ಇರುತ್ತಲ್ವಾ ಮಗಳೇ?" ಅಂತ ಕೇಳಿದರು. ಇರುವುದಿಲ್ಲ. ಅದು ರಿವರ್ಸಲ್ ಫಿಲ್ಮು, ಕ್ಯಾಮೆರಾದಲ್ಲಿ ಓಡಿದ್ದೇ ತೊಳೆದ ಮೇಲೆ ಪರದೆಗೆ ಬೀಳುವ ಚಿತ್ರ, ಇರುವುದು ಒಂದೇ ಪ್ರತಿ. ಮೂಲ ಲೇಖನದಲ್ಲಿ ಇದೂ ಇತ್ತು. ನಾನು ಅದನ್ನು 'ತಲೆಕೆಳಗಾದ ಫಿಲ್ಮ್' ಮಾಡಿದ್ದೆ. ಬೆಂಕಿ ಬೇಗ ಹಿಡಿಯುವುದಿಲ್ಲ ಅನ್ನುವ ಅರ್ಥದ 'ಸೇಫ್ಟಿ ಫಿಲ್ಮ್' ನನ್ನಲ್ಲಿ 'ಸುರಕ್ಷಿತ ಫಿಲ್ಮ್' ಆಗಿತ್ತು. ನಮ್ಮ ಮಳೆಗೆ ಚಪ್ಪಲಿಗೇ ಬೂಷ್ಟು ಬರುತ್ತೆ, ಅಟ್ಟದಲ್ಲಿಟ್ಟ ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನ ಫಿಲ್ಮು ಎಲ್ಲಿಂದ ಸುರಕ್ಷಿತ?

ಲೇಖನ ತೆಗೆಯಿರಿ ಅಂತ ಆ ಕೆಲಸ ಕೊಟ್ಟವರನ್ನು ಮೂರು ಸಲ ಕೇಳಿದೆ. ಉತ್ತರ ಇಲ್ಲ, ಅದು ಇನ್ನೂ ಹಾಗೇ ಇದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ 8 ಎಂಎಂ ರೀಲು ಇದ್ದರೆ ಮೊದಲು ಬೆಳಕಿಗೆ ಹಿಡಿದು ತೂತು ನೋಡಿ. ದೊಡ್ಡದಾಗಿ, ಎರಡು ಚಿತ್ರಗಳ ನಡುವಿನ ಗೆರೆಯ ನೇರಕ್ಕೆ ಇದ್ದರೆ ರೆಗ್ಯುಲರ್. ಸಣ್ಣದಾಗಿ, ಚಿತ್ರದ ಪಕ್ಕ ಮಧ್ಯಕ್ಕೆ ಇದ್ದರೆ ಸೂಪರ್ 8. ವಿನೆಗರ್ ಥರ ವಾಸನೆ ಬಂದರೆ ಫಿಲ್ಮು ಕೆಡುತ್ತಿದೆ ಅಂತ ಅರ್ಥ, ಉಳಿದ ರೀಲುಗಳಿಂದ ಬೇರೆ ಇಡಿ. ಯಾವುದಾದರೂ ಸರಿ, ಹಳೇ ಪ್ರಾಜೆಕ್ಟರಿಗೆ ಹಾಕಬೇಡಿ. ಹಲ್ಲಿಲ್ಲದ ಸ್ಕ್ಯಾನರ್ ಇರುವವರ ಹತ್ತಿರ ಕೊಡಿ.

ಮಾವನ ರೀಲಿನ ಉಳಿದರ್ಧ ಈಗ ನನ್ನ ಹತ್ತಿರ ಒಣ ಡಬ್ಬಿಯಲ್ಲಿದೆ. ಸ್ಕ್ಯಾನಿನ ಖರ್ಚು ನನ್ನದು ಅಂತ ಅವರಿಗೆ ಹೇಳಿದ್ದೇನೆ.