ಸೋನಿ ಆಲ್ಫಾ 7 ಮಾರ್ಕ್ 3: ಬಯಲಾಟ, ಆರ್ಕೆಸ್ಟ್ರಾ, ಕೆಂಡದ ರಾತ್ರಿಗಳಲ್ಲಿ ನಾಲ್ಕು ವರ್ಷ ಬಳಸಿದ ಮೇಲೆ

2018ರಲ್ಲಿ ಬಂದ ಕ್ಯಾಮೆರಾ. 24.2 ಮೆಗಾಪಿಕ್ಸೆಲ್, ಫುಲ್ ಫ್ರೇಮ್ (35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರ್), ಬ್ಯಾಟರಿ ಮತ್ತು ಕಾರ್ಡ್ ಸೇರಿ ಬಾಡಿಯ ತೂಕ 650 ಗ್ರಾಂ. ಇದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳಬೇಕೆಂದಿರುವವರಿಗೆ ಈ ಬರಹ. ಜೊತೆಗಿರುವುದು ಎರಡೇ ಲೆನ್ಸ್: 85 ಎಂಎಂ ಎಫ್ 1.8 ಮತ್ತು 28-75 ಎಂಎಂ ಎಫ್ 2.8 (ಎಫ್ ಸಂಖ್ಯೆ ಕಡಿಮೆಯಾದಷ್ಟೂ ಹೆಚ್ಚು ಬೆಳಕು ಒಳಬರುತ್ತದೆ). ಬಳಸಿದ್ದು ಹಾಸನಾಂಬ ಕಲಾಕ್ಷೇತ್ರ, ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರ, ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ, ಕೊಪ್ಪ-ಶೃಂಗೇರಿ ಕಡೆಯ ಯಕ್ಷಗಾನ, ಕಡೂರು ಸೀಮೆಯ ಜಾತ್ರೆಗಳಲ್ಲಿ.

ಮೊದಲಿಗೇ ಹೇಳಿಬಿಡುತ್ತೇನೆ. ಈ ಜಾಗಗಳಲ್ಲಿ ಫೋಟೋ ಕೆಡುವುದು ಕತ್ತಲೆಯಿಂದಲ್ಲ, ಎಲ್‌ಇಡಿ ದೀಪಗಳ ಮಿಣುಕು ಮತ್ತು ಬಣ್ಣದಿಂದ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400ರಲ್ಲಿ ತೆಗೆದದ್ದು ಆಲ್ಬಮ್ಮಿಗೆ ಧಾರಾಳವಾಗಿ ಸಾಕು. 12800ರಲ್ಲೂ ಮುಖಕ್ಕೆ ಸರಿಯಾಗಿ ಬೆಳಕು ಬಿದ್ದಿದ್ದರೆ ಎ4 ಅಳತೆಗೆ ಪ್ರಿಂಟ್ ಹಾಕಿಸಬಹುದು. ಕಾಳು ಕಾಳಾಗಿ ಕಾಣುವ ನಾಯ್ಸ್ ಸಾಫ್ಟ್‌ವೇರಿನಲ್ಲಿ ಹೋಗುತ್ತದೆ. ಅಡ್ಡಡ್ಡ ಬಿದ್ದ ಕಪ್ಪು ಪಟ್ಟಿ ಹೋಗುವುದಿಲ್ಲ.

ಆ ಪಟ್ಟಿ ಬೀಳುವುದು ಏಕೆ? ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅಗ್ಗದ ಡ್ರೈವರ್ ಇರುವ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಸೈಲೆಂಟ್ ಶೂಟಿಂಗ್ ಹಾಕಿದರೆ ಈ ಕ್ಯಾಮೆರಾದ ಸೆನ್ಸರ್ ಸಾಲು ಸಾಲಾಗಿ ನಿಧಾನವಾಗಿ ಓದುತ್ತದೆ. ಓದಿ ಮುಗಿಸುವಷ್ಟರಲ್ಲಿ ದೀಪ ಹಲವು ಸಲ ಮಿಣುಕಿರುತ್ತದೆ, ಪ್ರತಿ ಮಿಣುಕೂ ಒಂದೊಂದು ಪಟ್ಟಿಯಾಗಿ ಕೂರುತ್ತದೆ. ಭರತನಾಟ್ಯದ ನಡುವೆ ಶಟರ್ ಸದ್ದು ಬೇಡವೆನಿಸುವುದು ಸಹಜ. ಆದರೂ ಮೆಕ್ಯಾನಿಕಲ್ ಶಟರನ್ನೇ ಬಳಸಿ, ಮೃದಂಗ ಜೋರಾದಾಗ ಒತ್ತಿ. ಮೆನುವಿನಲ್ಲಿ ಆಂಟಿ-ಫ್ಲಿಕರ್ ಶೂಟಿಂಗ್ ಆನ್ ಮಾಡಿ: ದೀಪ ಹೆಚ್ಚು ಬೆಳಗುವ ಕ್ಷಣಕ್ಕೆ ಕಾದು ಶಟರ್ ತೆರೆಯುತ್ತದೆ, ಅದರಿಂದ ಸ್ವಲ್ಪ ತಡವಾಗುತ್ತದೆ. ಶಟರ್ ವೇಗ 1/100 ಅಥವಾ 1/50 ಸೆಕೆಂಡ್ ಇಟ್ಟರೆ ಒಂದು ಪೂರ್ತಿ ಏರಿಳಿತ ಚೌಕಟ್ಟಿನೊಳಗೆ ಬರುವುದರಿಂದ ತೊಂದರೆ ಇಲ್ಲ. ನಿಂತು ಹಾಡುವವರಿಗೆ, ಭಾಷಣಕ್ಕೆ ಅಷ್ಟು ವೇಗ ಸಾಕು. ಆರ್ಕೆಸ್ಟ್ರಾದ ಬಣ್ಣದ ಪಾರ್ ಲೈಟುಗಳದ್ದೇ ಬೇರೆ ಕಥೆ. ಅವುಗಳ ಡಿಮ್ಮರ್ ಬಹಳ ಹೆಚ್ಚಿನ ವೇಗದಲ್ಲಿ ಮಿಣುಕುತ್ತದೆ, ಆಂಟಿ-ಫ್ಲಿಕರ್ ಅದನ್ನು ಹಿಡಿಯುವುದಿಲ್ಲ. ಕಾರ್ಯಕ್ರಮಕ್ಕೆ ಮುಂಚೆ ಲೈಟಿನವರು ದೀಪ ಪರೀಕ್ಷಿಸುವಾಗಲೇ 1/125, 1/200, 1/320ರಲ್ಲಿ ಒಂದೊಂದು ತೆಗೆದು, ದೊಡ್ಡದು ಮಾಡಿ ನೋಡಿ. ಪಟ್ಟಿ ಕಾಣದ ವೇಗದಲ್ಲೇ ರಾತ್ರಿಯಿಡೀ ನಿಲ್ಲಿ.

ಬಣ್ಣದ ವಿಷಯಕ್ಕೆ ಬಂದರೆ, ಕೆಂಪು ಎಲ್‌ಇಡಿ ಮುಖದ ಮೇಲೆ ಬಿದ್ದಾಗ ಮೀಟರ್ ಮೋಸ ಹೋಗುತ್ತದೆ. ಒಟ್ಟು ಬೆಳಕು ಕಡಿಮೆ ಎಂದು ಲೆಕ್ಕ ಹಾಕಿ ಎಕ್ಸ್‌ಪೋಶರ್ ಏರಿಸುತ್ತದೆ, ಆಗ ಕೆಂಪು ಚಾನಲ್ ತುಂಬಿ ಹರಿದು ಮೂಗು, ಕೆನ್ನೆ, ತುಟಿ ಎಲ್ಲ ಒಂದೇ ಕೆಂಪು ಮುದ್ದೆ. ಇದಕ್ಕೆ ಮ್ಯಾನುಯಲ್ ಮೋಡೇ ದಾರಿ. ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಕಡಿಮೆ (ಅಂದರೆ ಅರ್ಧದಷ್ಟು ಬೆಳಕು) ಇಡಿ, ರಾ ಫೈಲನ್ನೇ (ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಕಡತ) ತೆಗೆಯಿರಿ, ಹಿಸ್ಟೋಗ್ರಾಂನಲ್ಲಿ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಕೆಂಪು ಗೆರೆ ಬಲಗೋಡೆಗೆ ಅಂಟಿದೆಯೇ ಎಂದು ನೋಡಿ. ವೈಟ್ ಬ್ಯಾಲೆನ್ಸ್ ಆಟೋ ಬೇಡ. ಹಳೆಯ ಹ್ಯಾಲೊಜೆನ್ ಇದ್ದರೆ 3200 ಕೆಲ್ವಿನ್, ಬಿಳಿ ಎಲ್‌ಇಡಿ ಇದ್ದರೆ 5500ರ ಆಸುಪಾಸು ಹಾಕಿಬಿಡಿ. ಕಡುನೀಲಿ ಬೆಳಕಿನಲ್ಲಿ ತೆಗೆದ ಮುಖವನ್ನು ಸರಿಪಡಿಸಲು ಗಂಟೆಗಟ್ಟಲೆ ಕೂರಬೇಡಿ, ಕಪ್ಪು-ಬಿಳುಪು ಮಾಡಿ.

ಈ ಕ್ಯಾಮೆರಾದ ನಿಜವಾದ ಬಲ ಗೊತ್ತಾಗುವುದು ಯಕ್ಷಗಾನದಲ್ಲಿ. ರಂಗಸ್ಥಳದ ಮೇಲೆ ನಾಲ್ಕು ಫೋಕಸ್ ಲೈಟು, ಹಿಂದೆ ಗಾಢ ಕತ್ತಲೆ. ಕಿರೀಟದ ಬೇಗಡೆ, ಎದೆಕಟ್ಟಿನ ಕನ್ನಡಿ ಚೂರು, ಭುಜಕೀರ್ತಿ ಎಲ್ಲ ಥಳಥಳ ಹೊಳೆಯುತ್ತವೆ, ಅದೇ ಕಿರೀಟದ ಕೆಳಗೆ ಕಣ್ಣು ನೆರಳಿನಲ್ಲಿರುತ್ತದೆ. ಕಣ್ಣಿಗೆ ಅಳೆದರೆ ಕಿರೀಟ ಬಿಳಿ ತಗಡಾಗುತ್ತದೆ. ಈ ಸೆನ್ಸರ್ ಐಎಸ್‌ಒ 640ರಲ್ಲಿ ಎರಡನೆಯ ಗೇನಿಗೆ (ಸಂಕೇತ ಹಿಗ್ಗಿಸುವ ಮಟ್ಟ) ಬದಲಾಗುತ್ತದೆ, ಹಾಗಾಗಿ 500ಕ್ಕಿಂತ 640ರಲ್ಲೇ ನೆರಳು ಶುಭ್ರ. ಅಲ್ಲಿಂದ ಮೇಲೆ ಕ್ಯಾಮೆರಾದಲ್ಲಿ ಐಎಸ್‌ಒ ಏರಿಸಿದರೂ, ಆಮೇಲೆ ಸಾಫ್ಟ್‌ವೇರಿನಲ್ಲಿ ಎತ್ತಿದರೂ ನಾಯ್ಸ್ ಹೆಚ್ಚುಕಡಿಮೆ ಅಷ್ಟೇ. ಇದನ್ನು ಬಳಸಿಕೊಳ್ಳಬೇಕು: 6400 ಬೇಕೆನಿಸಿದ ಕಡೆ ಎಫ್ 2.8, 1/400, ಐಎಸ್‌ಒ 1600 ಇಟ್ಟು ತೆಗೆಯಿರಿ, ಎರಡು ಸ್ಟಾಪ್ ಆಮೇಲೆ ಎತ್ತಿ. ಕಿರೀಟದ ಚಿನ್ನವೂ ಉಳಿಯುತ್ತದೆ, ಕಣ್ಣೂ ಕಾಣುತ್ತದೆ. ಪರದೆಯ ಮೇಲೆ ಚಿತ್ರ ಕಪ್ಪಗೆ ಕಂಡರೆ ಗಾಬರಿ ಬೇಡ. ದಿಗಿಣ (ಹಾರಿ ತಿರುಗುವ ಕುಣಿತ) ಹಾಕುವಾಗ ಮಾತ್ರ 1/640ಕ್ಕೆ ಹೋಗಬೇಕು. ಗೆಜ್ಜೆಕಾಲು ನಿಲ್ಲುವುದು ಆಗಲೇ.

ಫೋಕಸ್ ಎಎಫ್-ಸಿಯಲ್ಲಿರಲಿ (ಚಲಿಸುವವರನ್ನು ಬೆನ್ನಟ್ಟುವ ಆಟೋಫೋಕಸ್). ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) 3.0 ಹಾಕಿಲ್ಲದ ಬಾಡಿ ಸಿಕ್ಕರೆ ಮೊದಲು ಅದನ್ನು ಹಾಕಿ. ಬೇರೆ ಬಟನ್ ಒತ್ತದೆ ಕಣ್ಣು ಹಿಡಿಯುವ ಸೌಲಭ್ಯ ಬಂದದ್ದು ಅದರಲ್ಲಿ, 2019ರಲ್ಲಿ. ರಾಜವೇಷ, ಸ್ತ್ರೀವೇಷಗಳ ಕಣ್ಣನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಮುಖದ ತುಂಬ ಚುಟ್ಟಿ (ಹಿಟ್ಟಿನ ಬಿಳಿ ಚುಕ್ಕಿಗಳು) ಇಟ್ಟ ಬಣ್ಣದ ವೇಷವನ್ನು ಮುಖವೆಂದೇ ಗುರುತಿಸುವುದಿಲ್ಲ, ಹಿಂದೆ ಕೂತ ಭಾಗವತರ ಮುಖಕ್ಕೆ ಹಾರಿಬಿಡುತ್ತದೆ. ಅಂಥ ಪ್ರವೇಶಕ್ಕೆ ಫ್ಲೆಕ್ಸಿಬಲ್ ಸ್ಪಾಟ್ ಎಂ (ಬೇಕಾದಲ್ಲಿ ಇಡಬಹುದಾದ ಸಣ್ಣ ಫೋಕಸ್ ಚೌಕ) ಅನ್ನು ಒಂದು ಕಸ್ಟಮ್ ಬಟನ್ನಿಗೆ ಕೊಟ್ಟಿರಿ. ಬೀಪ್ ಮತ್ತು ಎಎಫ್ ದೀಪ ಎರಡನ್ನೂ ಮೆನುವಿನಲ್ಲಿ ಆಫ್ ಮಾಡಿ. ಕಲಾವಿದರ ಕಣ್ಣಿಗೆ ಕ್ಯಾಮೆರಾದ ದೀಪ ಹೊಡೆಯುವುದು ತಪ್ಪು.

ಜಾತ್ರೆಯಲ್ಲಿ ಕೆಂಡ ಹಾಯುವುದನ್ನು ತೆಗೆಯಲು 85 ಎಂಎಂ, ಎಫ್ 1.8, 1/160, ಐಎಸ್‌ಒ 6400. ಬೆಳಕೆಲ್ಲ ಕೆಳಗಿನಿಂದ ಬರುವುದರಿಂದ ನೀವೂ ಬಗ್ಗಿ ನಿಲ್ಲಿ. ಫ್ಲ್ಯಾಶ್ ಹಾಕಿದರೆ ಕೆಂಡ ಬೂದಿಯಾಗಿ ಕಾಣುತ್ತದೆ.

ಬ್ಯಾಟರಿ ದೊಡ್ಡ ಸಮಾಧಾನ. ವ್ಯೂಫೈಂಡರಿನಲ್ಲಿ ನೋಡಿ ತೆಗೆದರೆ ಕಂಪನಿಯ ಲೆಕ್ಕ 610 ಚಿತ್ರ. ಬರ್ಸ್ಟ್ (ಒಂದರ ಹಿಂದೊಂದು ಚಿತ್ರ) ಒತ್ತುವವರಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಬರುತ್ತದೆ. ಬೆಳಗಿನವರೆಗಿನ ಆಟಕ್ಕೆ ಎರಡು ಸಾಕು, ಡಿಸೆಂಬರಿನ ಚಳಿಯಲ್ಲಿ ಎರಡನೆಯದು ಶರ್ಟಿನ ಜೇಬಿನಲ್ಲಿ ಬೆಚ್ಚಗಿರಲಿ. ಪವರ್ ಬ್ಯಾಂಕಿನಿಂದಲೂ ನಡೆಯುತ್ತದೆ. ಎರಡು ಕಾರ್ಡ್ ಜಾಗಗಳಲ್ಲಿ ಕೆಳಗಿನದು ಮಾತ್ರ ಯುಎಚ್‌ಎಸ್-2 (ಹೆಚ್ಚು ವೇಗದ ಕಾರ್ಡ್ ಮಾದರಿ). ಎರಡಕ್ಕೂ ಒಟ್ಟಿಗೆ ರಾ ಬರೆಸಿದರೆ ಮೇಲಿನದರ ವೇಗಕ್ಕೇ ಎಲ್ಲ ಇಳಿಯುತ್ತದೆ, ಆದ್ದರಿಂದ ಕೆಳಗೆ ರಾ, ಮೇಲೆ ಜೆಪೆಗ್. ಅನ್‌ಕಂಪ್ರೆಸ್ಡ್ ರಾ ಒಂದಕ್ಕೆ ಸುಮಾರು 47 ಎಂಬಿ, 64 ಜಿಬಿ ಕಾರ್ಡಿಗೆ ಸುಮಾರು 1,300 ಚಿತ್ರ. ಹಿಂದಿನ ಪರದೆ ಮಂಕು. ಫೋಕಸ್ ಸರಿಯಿದೆಯೇ ಎಂದು ಅದನ್ನು ನಂಬಿ ತೀರ್ಮಾನಿಸಬೇಡಿ, ವ್ಯೂಫೈಂಡರಿನಲ್ಲೇ ದೊಡ್ಡದು ಮಾಡಿ ನೋಡಿ.

ಲೆನ್ಸ್ ತೆಗೆದರೆ ಸೆನ್ಸರ್ ಬರಿಮೈಯಲ್ಲಿ ಎದುರಿಗಿರುತ್ತದೆ, ಶಟರ್ ಮುಚ್ಚಿಕೊಳ್ಳುವುದಿಲ್ಲ. ಭಂಡಾರ (ಅರಿಸಿನ ಪುಡಿ), ವಿಭೂತಿ ಎರಚುವ ಜಾತ್ರೆಯಲ್ಲಿ ಲೆನ್ಸ್ ಬದಲಿಸಲೇಬೇಡಿ. ತೀರಾ ಬೇಕಾದರೆ ಕಾರಿನೊಳಗೆ, ಬಾಯಿ ಕೆಳಗೆ ಮಾಡಿ. ಭಂಡಾರ ಅಂಟಿದರೆ ಬ್ಲೋಯರ್‌ಗೆ ಹೋಗುವುದಿಲ್ಲ, 24 ಎಂಎಂ ಸ್ವಾಬ್ (ಸೆನ್ಸರ್ ಒರೆಸುವ ಕಡ್ಡಿ) ಬೇಕು. ಚಳಿಯಿಂದ ಜನ ತುಂಬಿದ ಸಭಾಂಗಣಕ್ಕೆ ಬಂದಾಗ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಬ್ಯಾಗಿನ ಜಿಪ್ ತೆಗೆಯದೆ ಅರ್ಧ ಗಂಟೆ ಬಿಡಿ.

ಇನ್ನು ಮಲೆನಾಡಿನ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚೀಲದಲ್ಲಿಟ್ಟ ಲೆನ್ಸಿಗೆ ಬೂಸ್ಟು ಹಿಡಿಯುವುದು ಖಂಡಿತ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ನೀಲಿ ಸಿಲಿಕಾ ಜೆಲ್, ಒಂದು ತೇವಾಂಶದ ಮೀಟರ್ ಇಟ್ಟು, ಮುಳ್ಳು ಶೇಕಡಾ 40ರಿಂದ 50ರೊಳಗೆ ಇರುವಂತೆ ನೋಡಿಕೊಳ್ಳಿ. ಕಾಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಹುರಿಯಿರಿ; ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗಲೂ ಲೆನ್ಸಿನ ಹಿಂಭಾಗದಿಂದ ಟಾರ್ಚ್ ಓರೆಯಾಗಿ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.