ಜಿಲ್ಲಾ ಜನಗಣತಿ ಕೈಪಿಡಿಗಳು: ಹಿರೀಕರ ಊರು ಹುಡುಕುವವರಿಗೆ ಎಷ್ಟು ಉಪಯುಕ್ತ?

ವಂಶಾವಳಿ ಬರೆಯಲು ಕುಳಿತವರಿಗೆ ಮೂರು ತಲೆಮಾರು ದಾಟಿದ ಮೇಲೆ ವ್ಯಕ್ತಿಗಳ ಹೆಸರಿಗಿಂತ ಊರುಗಳ ಹೆಸರೇ ಹೆಚ್ಚಾಗಿ ಸಿಗುತ್ತದೆ. ಮುತ್ತಜ್ಜನ ತಂದೆ ಯಾರೆಂದು ಮನೆಯಲ್ಲಿ ಯಾರೂ ಹೇಳಲಾರರು. ಆದರೆ ಆತ ಬಂದ ಊರು ಉತ್ತರ ಕರ್ನಾಟಕದವರ ಅಡ್ಡಹೆಸರಿನಲ್ಲೋ, ಹಳೇ ಮೈಸೂರಿನವರ ಇನಿಷಿಯಲ್ಲಿನ ಮೊದಲ ಅಕ್ಷರದಲ್ಲೋ, ಮನೆದೇವರಿಗೆ ನಡೆದುಕೊಳ್ಳುವ ವಾಡಿಕೆಯಲ್ಲೋ, ಹಳೆಯ ಕ್ರಯಪತ್ರದಲ್ಲೋ ಉಳಿದುಕೊಂಡಿರುತ್ತದೆ. ಆ ಊರು ಯಾವ ತಾಲ್ಲೂಕಿನದು, ಅದೇ ಹೆಸರಿನ ಹತ್ತು ಊರುಗಳಲ್ಲಿ ಯಾವುದು, ಈಗ ಅಲ್ಲಿ ಜನರಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಲು ನನ್ನ ಅನುಭವದಲ್ಲಿ ಜಿಲ್ಲಾ ಜನಗಣತಿ ಕೈಪಿಡಿಗಳಿಗಿಂತ ಉತ್ತಮ ಸಾಧನ ಇನ್ನೊಂದಿಲ್ಲ. ಪ್ರತಿ ಜಿಲ್ಲೆಯ ಊರೂರಿನ ವಿವರಗಳನ್ನು ಒಟ್ಟಿಗೆ ಕೊಡುವ, 1951ರ ಜನಗಣತಿಯಿಂದ ಪ್ರಕಟವಾಗುತ್ತ ಬಂದಿರುವ ಈ ಕೈಪಿಡಿಗಳು ಜನಗಣತಿಯ ಜಾಲತಾಣದಲ್ಲಿ ಪಿಡಿಎಫ್ ರೂಪದಲ್ಲಿ ಉಚಿತವಾಗಿ ದೊರೆಯುತ್ತವೆ.

ಇವುಗಳಲ್ಲಿ ವ್ಯಕ್ತಿಗಳ ಹೆಸರು ಸಿಗುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಇಂಗ್ಲೆಂಡಿನಲ್ಲಿ ನೂರು ವರ್ಷ ಕಳೆದ ಮೇಲೆ ಮನೆಮನೆಯ ಪಟ್ಟಿಗಳನ್ನೇ ಸಾರ್ವಜನಿಕರಿಗೆ ತೆರೆಯುತ್ತಾರೆ. 1921ರ ಪಟ್ಟಿಗಳು 2022ರ ಜನವರಿಯಲ್ಲಿ ಹಾಗೆಯೇ ಹೊರಬಂದವು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯ 15ನೇ ಕಲಮು ವೈಯಕ್ತಿಕ ದಾಖಲೆಗಳನ್ನು ಯಾರೂ ಪರಿಶೀಲಿಸದಂತೆ ತಡೆಯುತ್ತದೆ. 2011ರ ಕುಟುಂಬ ಅನುಸೂಚಿಯಲ್ಲಿ ಪ್ರತಿಯೊಬ್ಬರ ಹುಟ್ಟೂರನ್ನೂ ಕೇಳಿದ್ದರು. ಬೇರೆ ಕಡೆ ಹುಟ್ಟಿದವರಾದರೆ ಆ ಊರಿನ ಈಗಿನ ಹೆಸರು, ಜಿಲ್ಲೆ ಮತ್ತು ರಾಜ್ಯವನ್ನು ಬರೆಯಬೇಕಿತ್ತು. ಆದರೆ ಆ ಮಾಹಿತಿ ವಲಸೆಯ ಕೋಷ್ಟಕಗಳಲ್ಲಿ ಬರೀ ಅಂಕಿಗಳಾಗಿ ಪ್ರಕಟವಾಯಿತೇ ಹೊರತು ಯಾರದೇ ಹೆಸರಿನೊಡನೆ ನಮಗೆ ದೊರೆಯುವುದಿಲ್ಲ. ಮನುಷ್ಯರ ಹೆಸರು ಬೇಕಾದವರು ತಲೆತಲಾಂತರದಿಂದ ಮನೆತನಗಳ ವಂಶಾವಳಿಯನ್ನು ಕಾಪಾಡಿಕೊಂಡು ಬಂದಿರುವ ಹೆಳವರನ್ನು ಕೇಳುವುದೇ ಲೇಸು. ಹೆಳವರು ಹೇಳಿದ ಊರು ನಕ್ಷೆಯ ಮೇಲೆ ಎಲ್ಲಿದೆ ಎಂದು ನೋಡಲು ಕೈಪಿಡಿ ಬೇಕಾಗುತ್ತದೆ.

2011ರ ಆವೃತ್ತಿಯಲ್ಲಿ ಪ್ರತಿ ಜಿಲ್ಲೆಗೂ ಎರಡು ಭಾಗಗಳಿವೆ: ಒಂದರಲ್ಲಿ ಗ್ರಾಮ ಮತ್ತು ಪಟ್ಟಣಗಳ ವಿವರ, ಇನ್ನೊಂದರಲ್ಲಿ ಊರುವಾರು ಜನಸಂಖ್ಯೆಯ ಸಾರ. ಒಂದು ಊರಿನ ಸಾಲನ್ನು ಎಡದಿಂದ ಬಲಕ್ಕೆ ಓದುತ್ತ ಹೋದರೆ ಸಂಕೇತ ಸಂಖ್ಯೆ, ಊರಿನ ಹೆಸರು, ಹೆಕ್ಟೇರುಗಳಲ್ಲಿ ವಿಸ್ತೀರ್ಣ, ಜನಸಂಖ್ಯೆ, ಮನೆಗಳ ಸಂಖ್ಯೆ, ಮುಂದೆ ಶಾಲೆ, ಅಂಚೆ ಕಚೇರಿ, ಕುಡಿಯುವ ನೀರು, ರಸ್ತೆ, ಹತ್ತಿರದ ಪಟ್ಟಣ ಮತ್ತು ಅದಕ್ಕಿರುವ ದೂರ ಸಿಗುತ್ತವೆ. ಕುಟುಂಬದ ಇತಿಹಾಸ ಬರೆಯುವವರಿಗೆ ಈ ಕೊನೆಯ ಅಂಕಣ ಬಹಳ ಬೆಲೆಯುಳ್ಳದ್ದು. ಅಜ್ಜಿ ‘ಸಂತೆಗೆ ಅಲ್ಲಿಗೇ ಹೋಗುತ್ತಿದ್ದೆವು’ ಎಂದು ಹೇಳುತ್ತಿದ್ದ ಪಟ್ಟಣ ಯಾವುದೆಂದು ಗೊತ್ತಿದ್ದರೆ ಒಂದೇ ಹೆಸರಿನ ಹಲವು ಊರುಗಳಲ್ಲಿ ಮುಕ್ಕಾಲು ಪಾಲನ್ನು ಅಲ್ಲಿಯೇ ಕೈಬಿಡಬಹುದು.

ತೊಡಕು ಎದುರಾಗುವುದು ಜಿಲ್ಲೆ, ರಾಜ್ಯಗಳ ಗಡಿಗಳಲ್ಲಿ. ಹರಪನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯನ್ನು ಹುಡುಕುವವರು 1951ರ ಆವೃತ್ತಿಯಲ್ಲಿ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಗೆ ಹೋಗಬೇಕು, ಏಕೆಂದರೆ ಆ ಭಾಗ ಮೈಸೂರಿಗೆ ಸೇರಿದ್ದು 1953ರಲ್ಲಿ. 1961ರಿಂದ 1991ರವರೆಗೆ ಬಳ್ಳಾರಿ ಜಿಲ್ಲೆಯೇ, ಆದರೆ ಮೊದಲೆರಡು ಆವೃತ್ತಿಗಳು ಮೈಸೂರು ರಾಜ್ಯದ ಹೆಸರಿನಲ್ಲಿವೆ. ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. 2001 ಮತ್ತು 2011ರಲ್ಲಿ ಅದೇ ಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿದೆ. ಈಗ ಹರಪನಹಳ್ಳಿ ವಿಜಯನಗರ ಜಿಲ್ಲೆಯದು, ಆದರೆ ಆ ಜಿಲ್ಲೆ ಹುಟ್ಟಿದ್ದೇ 2021ರಲ್ಲಾದ್ದರಿಂದ ಅದರ ಹೆಸರಿನ ಕೈಪಿಡಿಯೇ ಇಲ್ಲ. ಹೀಗೆಯೇ 1951ರ ಧಾರವಾಡವನ್ನು ಬೊಂಬಾಯಿಯಲ್ಲೂ ರಾಯಚೂರನ್ನು ಹೈದರಾಬಾದಿನಲ್ಲೂ ದಕ್ಷಿಣ ಕನ್ನಡವನ್ನು ಮದರಾಸಿನಲ್ಲೂ ನೋಡಬೇಕು. ಕನಕಗಿರಿ, ಕಾರಟಗಿಗಳಂಥ ಹೊಸ ತಾಲ್ಲೂಕುಗಳ ಹಳ್ಳಿಗಳು 2011ರಲ್ಲಿ ಗಂಗಾವತಿಯ ಅಡಿಯಲ್ಲೇ ಇವೆ. ನಗರಗಳ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಆದ್ದರಿಂದ ಕಲಬುರಗಿ, ವಿಜಯಪುರ ಎಂದು ಟೈಪಿಸಿದರೆ 2011ರ ಸಂಪುಟ ಸಿಗದು. ಗುಲ್ಬರ್ಗಾ, ಬಿಜಾಪುರ ಎಂದೇ ಹುಡುಕಬೇಕು.

ಈ ಗೊಂದಲಕ್ಕೆ ಕೈಪಿಡಿಯೇ ಒದಗಿಸುವ ಪರಿಹಾರ ಸಂಕೇತ ಸಂಖ್ಯೆ. 2011ರ ಸಂಪುಟದ ಅಕಾರಾದಿ ಪಟ್ಟಿಯಲ್ಲಿ ಪ್ರತಿ ಗ್ರಾಮದ ಎದುರು 2001ರ ಸಂಖ್ಯೆಯನ್ನೂ 2011ರ ಆರಂಕಿಯ ಸಂಖ್ಯೆಯನ್ನೂ ಅಕ್ಕಪಕ್ಕ ಕೊಟ್ಟಿದ್ದಾರೆ. ವಂಶಾವಳಿಯಲ್ಲಿ ಊರಿನ ಹೆಸರಿನ ಪಕ್ಕ ಈ ಸಂಖ್ಯೆಯನ್ನೂ ಆವೃತ್ತಿಯ ವರ್ಷವನ್ನೂ ಬರೆದಿಟ್ಟರೆ ಮುಂದೆ ಜಿಲ್ಲೆ ಒಡೆದರೂ ಹೆಸರಿನ ಕಾಗುಣಿತ ಬದಲಾದರೂ ನಮ್ಮ ಟಿಪ್ಪಣಿ ದಾರಿ ತಪ್ಪುವುದಿಲ್ಲ. ಹಿರಿಯರು ಉಚ್ಚರಿಸಿದ ಹೆಸರು, ಆ ಕಾಲದ ದಾಖಲೆಯಲ್ಲಿರುವ ಹೆಸರು, ಈಗಿನ ಹೆಸರು, ಈ ಮೂರನ್ನೂ ತಿದ್ದದೆ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಕನ್ನಡಿಗರಿಗೆ ನಿಜವಾದ ಕಿರಿಕಿರಿ ಲಿಪಿಯದು. ಊರುಗಳ ಹೆಸರೆಲ್ಲ ರೋಮನ್ ಲಿಪಿಯಲ್ಲಿ, ಅದೂ ಹ್ರಸ್ವ ದೀರ್ಘಗಳ ಗುರುತಿಲ್ಲದೆ ಅಚ್ಚಾಗಿವೆ. ಳಕಾರ ಲಕಾರಗಳು, ಣಕಾರ ನಕಾರಗಳು, ಡಕಾರ ದಕಾರಗಳು ಒಂದೇ ಅಕ್ಷರದಲ್ಲಿ ಕರಗಿಹೋಗುತ್ತವೆ. ಕೋಡಿಹಳ್ಳಿ ಮತ್ತು ಕೊಡಿಹಳ್ಳಿ ಒಂದೇ ಆಗಿ ಕಾಣುತ್ತವೆ. ಹಳ್ಳಿ ಎಂಬುದರ ಕೊನೆಯ ಅಕ್ಷರವೇ ಆವೃತ್ತಿಯಿಂದ ಆವೃತ್ತಿಗೆ ಬೇರೆಯಾಗಬಹುದು. ಇಡೀ ಹೆಸರನ್ನು ಟೈಪಿಸದೆ ಮೊದಲ ನಾಲ್ಕೈದು ಅಕ್ಷರಗಳಿಂದ ಮಾತ್ರ ಹುಡುಕುವುದು ಉತ್ತಮ. ಹಳೆಯ ಸಂಪುಟಗಳು ಸ್ಕ್ಯಾನ್ ಮಾಡಿದ ಪುಟಗಳಾದ್ದರಿಂದ ಅವುಗಳಲ್ಲಿ ಹುಡುಕುವ ಸೌಲಭ್ಯವನ್ನು ನೆಚ್ಚಿಕೊಳ್ಳುವಂತಿಲ್ಲ. ತಾಲ್ಲೂಕಿನ ಪಟ್ಟಿಯನ್ನು ಬೆರಳಿಟ್ಟು ಓದುವುದೇ ನಂಬಿಕೆಯ ದಾರಿ, ತಾಳ್ಮೆ ಇರಬೇಕಷ್ಟೆ.

ಒಂದೇ ಹೆಸರಿನ ಊರುಗಳನ್ನು ಬೇರ್ಪಡಿಸುವ ಗುರುತುಗಳನ್ನು ಬಿಡದೆ ನಕಲು ಮಾಡಿಕೊಳ್ಳಬೇಕು. ಬೆಳಗಾವಿಯ ಕಂಗ್ರಾಳಿ ಬಿ.ಕೆ. (ಬುದ್ರುಕ್, ಅಂದರೆ ದೊಡ್ಡದು) ಮತ್ತು ಕಂಗ್ರಾಳಿ ಕೆ.ಎಚ್. (ಖುರ್ದ್, ಅಂದರೆ ಚಿಕ್ಕದು) ಎರಡು ಪ್ರತ್ಯೇಕ ಗ್ರಾಮಗಳು. ಕರಾವಳಿಯ ಪಡುಪೆರಾರ, ಮೂಡುಪೆರಾರಗಳೂ ಹಾಗೆಯೇ. ಬಾಲದಂತೆ ಕಾಣುವ ಈ ಅಕ್ಷರಗಳನ್ನು ಕೈಬಿಟ್ಟ ವಂಶಾವಳಿಯಲ್ಲಿ ಎರಡು ಊರಿನ ಮನೆತನಗಳು ಸದ್ದಿಲ್ಲದೆ ಬೆರೆತುಹೋಗುತ್ತವೆ.

ಕೈಪಿಡಿಯ ದೊಡ್ಡ ಕೊರತೆ ಎಂದರೆ ಅದು ಎಣಿಸುವುದು ಕಂದಾಯ ಗ್ರಾಮಗಳನ್ನು. ರಾಜ್ಯದಲ್ಲಿ 2011ರಲ್ಲಿ ಅಂಥವು 29,340 ಇದ್ದವು. ಮಜರೆ, ತಾಂಡಾ, ಗೊಲ್ಲರಹಟ್ಟಿ, ಹಾಡಿಗಳ ಜನರೆಲ್ಲ ಮೂಲ ಗ್ರಾಮದ ಲೆಕ್ಕದಲ್ಲಿ ಸೇರಿಹೋಗಿರುತ್ತಾರೆ. ಲಂಬಾಣಿ ಕುಟುಂಬವೊಂದು ತನ್ನ ತಾಂಡಾದ ಹೆಸರನ್ನು ಇಲ್ಲಿ ಕಾಣದೆ ನಿರಾಶೆಪಡುವುದು ಸಹಜ. ಅಂಥ ನೆಲೆಗಳನ್ನು ಕಂದಾಯ ಗ್ರಾಮಗಳಾಗಿ ಘೋಷಿಸುವ ಕೆಲಸ ಈಚಿನ ವರ್ಷಗಳಲ್ಲಿ ನಡೆದಿರುವುದರಿಂದ ಮುಂದಿನ ಆವೃತ್ತಿಯಲ್ಲಿ ಪರಿಸ್ಥಿತಿ ಸುಧಾರಿಸೀತು. ಮಲೆನಾಡಿನವರಿಗೂ ಇದೇ ತೊಂದರೆ: ಮನೆಯ ಹೆಸರೇ ಊರಿನ ಹೆಸರಾಗಿ ನೆನಪಿನಲ್ಲಿ ಉಳಿದಿದ್ದರೆ ಮೊದಲು ಪಹಣಿಯಲ್ಲಿ ಗ್ರಾಮದ ಹೆಸರು ನೋಡಿಕೊಂಡು ಬರಬೇಕು.

ಹಾಗಿದ್ದರೂ ಬೇರೆಲ್ಲೂ ಸುಲಭವಾಗಿ ಸಿಗದ ಒಂದು ಸಂಗತಿಯನ್ನು ಈ ಸಂಪುಟಗಳು ಕಾಪಾಡಿವೆ. ಜನರಿಲ್ಲದ ಬೇಚರಾಕ್ ಗ್ರಾಮಗಳ ಹೆಸರನ್ನೂ ಪಟ್ಟಿಯಿಂದ ತೆಗೆಯದೆ, ಜನವಸತಿ ಇಲ್ಲ ಎಂಬ ಟಿಪ್ಪಣಿಯೊಡನೆ ಉಳಿಸಿಕೊಳ್ಳುತ್ತಾರೆ. ಶರಾವತಿ ಕಣಿವೆಯಿಂದ ಎದ್ದುಬಂದ ಕುಟುಂಬಗಳಿಗೆ 1961ರ ಶಿವಮೊಗ್ಗ ಜಿಲ್ಲೆಯ ಕೈಪಿಡಿ ಈ ಕಾರಣಕ್ಕೆ ಅಮೂಲ್ಯ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳನ್ನು ಮುಳುಗಡೆಗೆ ಮುಂಚೆ ಎಣಿಸಿದ ಕೊನೆಯ ಪಟ್ಟಿ ಅದು. ಅದನ್ನು 1971ರ ಸಂಪುಟದ ಪಕ್ಕದಲ್ಲಿಟ್ಟು ಓದಿದರೆ ಯಾವ ಊರು ಪೂರ್ತಿ ಖಾಲಿಯಾಯಿತು, ಯಾವುದು ಅರ್ಧ ಉಳಿಯಿತು ಎಂಬುದು ಅಂಕಿಗಳಲ್ಲೇ ತಿಳಿಯುತ್ತದೆ.

ಒಂದೇ ಆವೃತ್ತಿ ನೋಡಿ ಮುಗಿಸುವವರಿಗೆ ಈ ಕೈಪಿಡಿಗಳನ್ನು ನಾನು ಶಿಫಾರಸು ಮಾಡಲಾರೆ. ಕನಿಷ್ಠ 1951, 1961 ಮತ್ತು 2011ರ ಸಂಪುಟಗಳನ್ನು ಒಟ್ಟಿಗೆ ಇಟ್ಟುಕೊಂಡು ಕೂರುವವರಿಗೆ ಧಾರಾಳವಾಗಿ ಮಾಡುತ್ತೇನೆ. ಮುಂದಿನ ಜನಗಣತಿಯ ಆಧಾರ ದಿನಾಂಕ 2027ರ ಮಾರ್ಚ್ 1. ಅದರ ಕೈಪಿಡಿಯಲ್ಲಿ ಊರುಗಳ ಹೆಸರನ್ನು ಕನ್ನಡ ಲಿಪಿಯಲ್ಲೂ ಒಂದು ಅಂಕಣವಾಗಿ ಸೇರಿಸಿದರೆ ಮೇಲೆ ಹೇಳಿದ ದೂರುಗಳಲ್ಲಿ ಅರ್ಧದಷ್ಟು ತಾವಾಗಿ ಬಿದ್ದುಹೋಗುತ್ತವೆ.