ಡಬ್ಬದ ಮೇಲಿನ 5000 ಕೆಲ್ವಿನ್ ಸಾಕಾಗಲಿಲ್ಲ: ಡಿ50 ಲೈಟ್ ಬೂತ್ ಜೊತೆ ಎಂಟು ತಿಂಗಳು

ಆಫ್‌ಸೆಟ್ ಪ್ರೆಸ್‌ನಲ್ಲಿ ಬಣ್ಣ ನೋಡಿ ಓಕೆ ಮಾಡುವುದು ನನ್ನ ಕೆಲಸ. ಎಂಟು ತಿಂಗಳ ಹಿಂದೆ ಮಷೀನ್ ಪಕ್ಕಕ್ಕೆ ಡಿ50 (ಸುಮಾರು 5000 ಕೆಲ್ವಿನ್‌ನ ಹಗಲು ಬೆಳಕಿನ ಮಾನದಂಡ) ಟ್ಯೂಬ್‌ಗಳ ಲೈಟ್ ಬೂತ್, ಅಂದರೆ ಬಣ್ಣ ಹೋಲಿಸಿ ನೋಡುವ ಬೆಳಕಿನ ಗೂಡು, ಬಂತು. ಅದಕ್ಕೂ ಮುಂಚೆ ಮೇಜಿನ ಮೇಲೆ ಮಾಮೂಲಿ ಎಲ್‌ಇಡಿ ಪಟ್ಟಿ ತೂಗುಹಾಕಿದ್ದೆವು. ಅದರ ಡಬ್ಬದ ಮೇಲೂ 5000 ಕೆಲ್ವಿನ್ ಅಂತಲೇ ಇತ್ತು.

ಆ ಪಟ್ಟಿಯ ಕೆಳಗೆ ಒಂದು ಕ್ಯಾಟಲಾಗ್‌ನ ಪ್ರೂಫ್ (ಮುದ್ರಣಕ್ಕೆ ಮುಂಚೆ ತೆಗೆಯುವ ಮಾದರಿ) ಮತ್ತು ಮಷೀನಿನಲ್ಲಿ ಮುದ್ರಿಸಿದ ಶೀಟ್ ಒಂದೇ ಥರ ಕಂಡವು. ಗ್ರಾಹಕರು ಎರಡನ್ನೂ ಕಿಟಕಿ ಹತ್ತಿರ ಹಿಡಿದರು. ಶೀಟಿನ ತಿಳಿ ಬೂದು ಬಣ್ಣ ನೀಲಿ ಕಡೆಗೆ ವಾಲಿತ್ತು, ಪ್ರೂಫ್ ಮಾತ್ರ ಹಾಗೇ ಇತ್ತು. ಅಷ್ಟೂ ಕಾಗದ ವಾಪಸ್ ಬಂತು. ಆ ದಿನ ನನಗೆ ಊಟ ಸೇರಲಿಲ್ಲ.

ಕಾರಣ ಕಾಗದದಲ್ಲಿತ್ತು. ಬೆಳ್ಳಗೆ ಕಾಣಲಿ ಅಂತ ಕಾಗದಕ್ಕೆ ಬ್ರೈಟ್‌ನರ್ ಹಾಕಿರುತ್ತಾರೆ. ಅದು ಕಣ್ಣಿಗೆ ಕಾಣದ ಯುವಿ ಬೆಳಕನ್ನು ಹೀರಿ ನೀಲಿಯಾಗಿ ಹೊರಬಿಡುತ್ತದೆ. ನಮ್ಮ ಪ್ರೂಫ್ ಕಾಗದದಲ್ಲಿ ಬ್ರೈಟ್‌ನರ್ ಇರಲಿಲ್ಲ. ಮಾಮೂಲಿ ಎಲ್‌ಇಡಿಯಲ್ಲಿ ಯುವಿ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ವ್ಯತ್ಯಾಸ ಕಾಣಲೇ ಇಲ್ಲ. ಕೆಲ್ವಿನ್ ಅಂಕಿ ಬೆಳಕು ಹಳದಿಯೋ ನೀಲಿಯೋ ಅಂತ ಹೇಳುತ್ತದೆ, ಅದರೊಳಗೆ ಏನೇನು ಎಷ್ಟಿದೆ ಅಂತ ಹೇಳುವುದಿಲ್ಲ.

ಹೊಸ ಬೂತ್‌ನಲ್ಲಿ ಅದೇ ಪ್ರೂಫ್, ಅದೇ ಶೀಟ್ ಇಟ್ಟೆ. ಕಿಟಕಿಯಲ್ಲಿ ಕಂಡದ್ದೇ ಇಲ್ಲೂ ಕಂಡಿತು. ಮಷೀನ್ ಓಡುವ ಮೊದಲೇ ಇದು ಗೊತ್ತಾಗಬೇಕಿತ್ತು ಅಲ್ವಾ! ಮರುದಿನವೇ ಬ್ರೈಟ್‌ನರ್ ಇರುವ ಪ್ರೂಫ್ ಕಾಗದ ತರಿಸಿದೆವು.

ಬೂತ್ ಕೊಳ್ಳುವವರು ಐಎಸ್‌ಒ 3664ರ (ಮುದ್ರಣದ ಬಣ್ಣ ನೋಡುವ ಬೆಳಕಿನ ಅಂತರರಾಷ್ಟ್ರೀಯ ಮಾನದಂಡ) 2009ರ ಅಥವಾ ಅದರ ನಂತರದ ಆವೃತ್ತಿಯ ಪ್ರಕಾರ ಪರೀಕ್ಷೆ ಆಗಿದೆಯಾ ಅಂತ ಕೇಳಿ, ವರದಿ ನೋಡಿ. ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕಿ, ಗರಿಷ್ಠ 100) 90ಕ್ಕಿಂತ ಕಡಿಮೆ ಇರಬಾರದು. ಯುವಿ ಬಗ್ಗೆ ಬೇರೆಯಾಗಿಯೇ ಕೇಳಿ. ಎಲ್‌ಇಡಿ ಬೂತ್‌ಗಳಲ್ಲೂ ಯುವಿ ಸೇರಿಸಿದವು ಸಿಗುತ್ತವೆ.

ನನಗೆ ತುಂಬಾ ಇಷ್ಟವಾದದ್ದು ಡಿಮ್ಮರ್. ಪ್ರೂಫಿಗೂ ಶೀಟಿಗೂ ಹೋಲಿಸುವಾಗ 2000 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಇಡುತ್ತೇನೆ. ಆಮೇಲೆ 500ಕ್ಕೆ ಇಳಿಸಿ ಚಿತ್ರ ನೋಡುತ್ತೇನೆ. ಜಾಸ್ತಿ ಬೆಳಕಲ್ಲಿ ಚೆನ್ನಾಗಿ ಕಂಡ ಕಪ್ಪು ಕೂದಲಿನ ಎಳೆಗಳು ಅಲ್ಲಿ ಒಂದೇ ಮುದ್ದೆಯಾಗುತ್ತವೆ. ಓದುವವರ ಕೈಯಲ್ಲಿ ಅದು ಹಾಗೇ ಕಾಣುವುದು.

ತೊಂದರೆಗಳೂ ಇವೆ. ಟ್ಯೂಬ್ ಹಚ್ಚಿದ ತಕ್ಷಣ ಬಣ್ಣ ನೋಡುವಂತಿಲ್ಲ, ನಾವು 20 ನಿಮಿಷ ಕಾಯುತ್ತೇವೆ. ನಮ್ಮ ದೊಡ್ಡ ಶೀಟ್ ಪೂರ್ತಿ ಹಿಡಿಸುವುದಿಲ್ಲ, ಮಡಚಿ ನೋಡಬೇಕು. ಇದು ನನಗೆ ದಿನವೂ ಬೇಸರ ತರಿಸುತ್ತದೆ. ಒಳಗಿನ ಬೂದು ಗೋಡೆಗೆ ಯಾರೋ ಹಳದಿ ಚೀಟಿ ಅಂಟಿಸಿದ್ದರು, ಕಿತ್ತು ಹಾಕಿದೆ. ಅದರ ಬಣ್ಣವೂ ಕಣ್ಣನ್ನು ದಾರಿ ತಪ್ಪಿಸುತ್ತದೆ.

ಗಂಟೆ ಎಣಿಸುವ ಮೀಟರ್ ಈಗ 1,900 ತೋರಿಸುತ್ತಿದೆ. ಕೈಪಿಡಿಯಲ್ಲಿ 2,500ಕ್ಕೆ ಟ್ಯೂಬ್ ಬದಲಿಸಿ ಅಂತಿದೆ. ಎಲ್ಲ ಟ್ಯೂಬ್‌ಗಳನ್ನೂ ಒಟ್ಟಿಗೇ ತರಿಸಲು ಹೇಳಿದ್ದೇನೆ.